ಹಂಚಿನ ನೆರಳು

ನನ್ನ ಅಡುಗೆಮನೆಯ ಗೋಡೆಗೆ ಒಂದು ರೊಟ್ಟಿ ಹಂಚು ತೂಗುಹಾಕಿದೆ. ಮಧ್ಯಾಹ್ನ ಬೆಳಕಿಂಡಿಯಿಂದ ಬಿಸಿಲು ಇಳಿದಾಗ ಅದರ ನೆರಳು ಗೋಡೆಯ ಮೇಲೆ ಹಂಚಿಗಿಂತ ಉದ್ದಕ್ಕೆ ಚಾಚಿಕೊಳ್ಳುತ್ತದೆ. ನಾನು ಅದರ ಮೇಲೆ ಈವರೆಗೆ ಏನನ್ನೂ ಬೇಯಿಸಿಲ್ಲ.

ಈ ಹಂಚಿನ ಕತೆ ಶುರುವಾದಾಗ ನಾನು ಪದವಿ ಮುಗಿಸಿ ಎರಡು ವರ್ಷ ಕಳೆದಿದ್ದವು. ಮಾತು ನನಗೆ ಒಗ್ಗಿದ್ದಲ್ಲ. ಸಿಕ್ಕಿದ್ದು ಮಾತ್ರ ಮಾತಿನ ಕೆಲಸವೇ. ಗುರುಪಾದಪ್ಪನವರ ಪಾತ್ರೆ ಅಂಗಡಿಗೆ ಹೊಸದಾಗಿ ಪೆಟ್ಟಿಗೆ ಒಲೆಗಳು ಬಂದಿದ್ದವು. ಸೂಟ್‌ಕೇಸಿನಂತೆ ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಒಲೆ. ಒಂದು ಕಡೆ ಬರ್ನರು. ಅದರ ಮಗ್ಗುಲಲ್ಲೇ, ತಗಡಿನ ಮುಚ್ಚಳದ ಅಡಿಯಲ್ಲಿ, ಗ್ಯಾಸಿನ ಸಣ್ಣ ಡಬ್ಬಿ. ಓಣಿ ಓಣಿಗೆ ಹೋಗಿ ಹೆಂಗಸರನ್ನು ಸೇರಿಸಿ, ಒಲೆ ಹಚ್ಚಿ ತೋರಿಸಿ, ಸುರಕ್ಷತೆಯ ನಿಯಮಗಳನ್ನು ಹೇಳುವುದು ನನ್ನ ಪಾಲಿಗೆ ಬಂತು. ಡಬ್ಬಿಯ ಕಚ್ಚು ಸರಿಯಾಗಿ ಕೂರಬೇಕು. ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಮುಚ್ಚಿದ ಕೋಣೆಯಲ್ಲಿ ಹಚ್ಚಬಾರದು. ಡಬ್ಬಿ ಬದಲಿಸುವಾಗ ಹತ್ತಿರದಲ್ಲಿ ಬೆಂಕಿ ಇರಬಾರದು. ಡಬ್ಬಿ ಇರುವ ಕಡೆಗೆ ಪಾತ್ರೆಯ ಅಂಚು ಚಾಚಬಾರದು. ಚಾಚಿದರೆ ಕಾವು ಕೆಳಗೆ ತಿರುಗಿ ಡಬ್ಬಿ ಕಾಯುತ್ತದೆ, ಸಿಡಿಯುತ್ತದೆ.

ಎಲ್ಲ ಹೇಳಿ ಮುಗಿಸಿದ ಮೇಲೆ ಪ್ರತಿ ಗಿರಾಕಿಯ ಸಹಿಯನ್ನೋ ಹೆಬ್ಬೆಟ್ಟನ್ನೋ ಒಂದು ಕಾರ್ಡಿನ ಮೇಲೆ ತೆಗೆದುಕೊಳ್ಳುತ್ತಿದ್ದೆ. ‘ಸುರಕ್ಷತೆಯ ನಿಯಮಗಳನ್ನು ನನಗೆ ತಿಳಿಸಿ ಹೇಳಲಾಗಿದೆ’ ಎಂದು ಅದರಲ್ಲಿ ಅಚ್ಚಾಗಿತ್ತು. ಆಮೇಲೆ ಒಲೆಯ ಜೊತೆಗೆ ಉಚಿತವಾಗಿ ಒಂದು ರೊಟ್ಟಿ ಹಂಚು ಕೊಡುತ್ತಿದ್ದೆ.

ಹಂಚು ಆ ಒಲೆಗೆ ದೊಡ್ಡದಾಗಿತ್ತು. ಮೊದಲನೆಯ ವಾರವೇ ಅದನ್ನು ಬರ್ನರಿನ ಮೇಲಿಟ್ಟು ನೋಡಿದ್ದೆ. ಡಬ್ಬಿಯ ಮುಚ್ಚಳ ಅರ್ಧಕ್ಕಿಂತ ಹೆಚ್ಚು ಅದರ ಅಡಿಗೆ ಹೋಗಿತ್ತು. ಗುರುಪಾದಪ್ಪನವರಿಗೆ ತೋರಿಸಿದೆ.

"ಮೂರು ವರ್ಷಾತು, ಈ ಹಂಚು ಗೋದಾಮಿನ್ಯಾಗ ತುಕ್ಕು ಹಿಡೀಲಿಕ್ಕತ್ತಾವು" ಎಂದರು ಅವರು, ಕನ್ನಡಕದ ಮೇಲಿಂದ ನೋಡುತ್ತ. "ನಿಯಮ ನೀ ಹೇಳು, ಹಂಚು ನಾ ಕೊಡ್ತೀನಿ. ನಿನ್ನ ಕೆಲಸ ಬ್ಯಾರೆ, ನನ್ನ ಕೆಲಸ ಬ್ಯಾರೆ."

ಅಂದಿನಿಂದ ಚಹಾದ ಸಣ್ಣ ಪಾತ್ರೆಯಿಟ್ಟು ಒಲೆ ಹಚ್ಚಿ ತೋರಿಸುತ್ತಿದ್ದೆ, ಮತ್ತು ಕೊನೆಗೆ ಹಂಚು ಕೊಡುತ್ತಿದ್ದೆ. ಯಾರೂ ಏನೂ ಕೇಳಲಿಲ್ಲ.

ಕೇಳಿದವಳು ಕಲ್ಲವ್ವ ಒಬ್ಬಳೇ. ಕೋರ್ಟಿನ ಗೇಟಿನೆದುರು ಕುಳಿತು ಮಧ್ಯಾಹ್ನದ ಹೊತ್ತು ಬಿಸಿರೊಟ್ಟಿ ಮಾರುತ್ತಿದ್ದ ವಿಧವೆ. ಕಟ್ಟಿಗೆಯ ಹೊಗೆ ಒಳಗೆ ಬರುತ್ತದೆಂದು ವಕೀಲರು ತಕರಾರು ಮಾಡಿದ್ದರಿಂದ ಅವಳಿಗೆ ಪೆಟ್ಟಿಗೆ ಒಲೆಯೇ ಬೇಕಾಗಿತ್ತು. ಅವಳ ಓಣಿಯಲ್ಲಿ, ಬಾವಿಕಟ್ಟೆಯ ಪಕ್ಕದ ಬಯಲಿನಲ್ಲಿ, ನೆತ್ತಿಯ ಮೇಲೆ ಸೂರ್ಯನಿದ್ದಾಗ ನಾನು ಪಾಠ ಒಪ್ಪಿಸಿ ಮುಗಿಸಿದೆ. ಹೆಬ್ಬೆಟ್ಟು ಒತ್ತಿ ಹಂಚು ಪಡೆದವಳು ಅದನ್ನು ಅಲ್ಲೇ ಒಲೆಯ ಮೇಲಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ಬಗ್ಗಿ ನೋಡಿದಳು.

"ತಮ್ಮಾ, ಇಲ್ಲಿ ನೋಡು. ಹಂಚಿನ ನೆರಳು ಡಬ್ಬಿ ಮ್ಯಾಲ ಬೀಳಾಕತ್ತೈತಿ. ಅಂಚು ಅತ್ತಾಗ ಬರಬಾರದು ಅಂದೆಲ್ಲ ನೀ?"

ಇಪ್ಪತ್ತು ಹೆಂಗಸರು ನನ್ನ ಮುಖ ನೋಡಿದರು. ಒಲೆಯ ಜೊತೆ ಬಂದ ನಿಯಮದ ಪುಸ್ತಕದಲ್ಲಿ ಅಂಗುಲಗಳಲ್ಲಿ ಬರೆದದ್ದನ್ನು ಅಕ್ಷರ ಬಾರದವಳೊಬ್ಬಳು ನೆರಳಿನಿಂದ ಅಳೆದಿದ್ದಳು. ಹೌದು ಎನ್ನುವ ಒಂದು ಮಾತು ಸಾಕಾಗಿತ್ತು. ಅದನ್ನು ಹೇಳಿದರೆ ಆ ಇಪ್ಪತ್ತು ಹಂಚುಗಳನ್ನೂ ಹೊತ್ತುಕೊಂಡು ಅಂಗಡಿಗೆ ಹೋಗಬೇಕಾಗಿತ್ತು.

"ಅವ್ವಾ, ನೆರಳಿಗೇನು ಕಾವಿರತೈತೇನು?" ಎಂದೆ. "ನೆರಳಿನ ಮ್ಯಾಲ ರೊಟ್ಟಿ ಸುಟ್ಟೋರ‍್ನ ಎಲ್ಲ್ಯರ ನೋಡೀಯೇನು?"

ಬಯಲು ನಗೆಯಿಂದ ತುಂಬಿಹೋಯಿತು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು, "ಏ ನೆರಳವ್ವಾ, ಏಳಬೇ, ನಿನ್ನ ನೆರಳು ಸುಟ್ಟೀತು!" ಎಂದಳು. ಕಲ್ಲವ್ವನೂ ನಕ್ಕಳು. ನಗುತ್ತಲೇ ಹಂಚನ್ನು ಕಂಕುಳಿಗೆ ಸೇರಿಸಿಕೊಂಡು ಹೋದಳು. ಸಭೆಯೊಂದು ನನ್ನ ಮಾತಿಗೆ ನಕ್ಕದ್ದು ಜೀವನದಲ್ಲಿ ಅದೇ ಮೊದಲು. ನನಗೆ ಅದು ಹಿತವಾಗಿತ್ತು. ಇದನ್ನು ಮುಚ್ಚಿಡಲು ನನಗೆ ಸಾಧ್ಯವಿಲ್ಲ.

ಆದರೂ ಅವಳು ಆ ಹಂಚನ್ನು ಬಳಸಲಿಲ್ಲ. ಹದಿನೈದು ದಿನದ ಮೇಲೆ ಕೋರ್ಟಿನ ಹಾದಿಯಲ್ಲಿ ಹೋದಾಗ ನೋಡಿದೆ: ಒಲೆಯ ಮೇಲೆ ಮನೆಯಿಂದ ತಂದ ಚಿಕ್ಕ ಹಂಚಿತ್ತು, ಅದರಲ್ಲಿ ಅಂಗೈಯಗಲದ ರೊಟ್ಟಿಗಳು ಬೇಯುತ್ತಿದ್ದವು. ಅವಳಿಗೆ ಅಂಟಿದ ಹೆಸರು ಅವಳಿಗಿಂತ ಮೊದಲೇ ಅಲ್ಲಿಗೆ ಬಂದು ಕುಳಿತಿತ್ತು.

"ಏನ ನೆರಳವ್ವಾ, ರೊಟ್ಟಿ ಮಾಡತೀಯೋ ಹಪ್ಪಳ ಸುಡತೀಯೋ?" ಎಂದ ಒಬ್ಬ ಗುಮಾಸ್ತ. "ಅಷ್ಟ ದೊಡ್ಡ ಹಂಚು ಪುಕ್ಕಟೆ ಸಿಕ್ಕೈತಂತ. ಅದಕ್ಕ ಅಂಜತೀಯಂತಲ್ಲ?"

ಕಲ್ಲವ್ವ ತಲೆಯೆತ್ತಿದಾಗ ಅಲ್ಲಿ ನಾನಿದ್ದೆ. "ಈ ತಮ್ಮನ್ನ ಕೇಳ್ರಿ, ಅಂಜಬೇಕೋ ಬ್ಯಾಡೋ" ಎಂದಳು, ಅರ್ಧ ತಮಾಷೆಗೆ. ಉಳಿದರ್ಧ ಏನೆಂದು ನನಗೆ ಗೊತ್ತಿತ್ತು. ಅವಳು ಎರಡನೆಯ ಸಲ ಕೇಳುತ್ತಿದ್ದಳು.

ನಾನು ಮುಗುಳ್ನಕ್ಕು ಮುಂದೆ ನಡೆದೆ.

ಮರುವಾರ ಅವಳು ದೊಡ್ಡ ಹಂಚಿಟ್ಟಳೆಂದು ಯಾರೋ ಹೇಳಿದರು. ನಾಲ್ಕನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಕುಳಿತಿದ್ದಾಗ, ಲಾರಿಯ ಟೈರು ಒಡೆದಂಥ ಸದ್ದು ಕೇಳಿಸಿತು. ಗುರುಪಾದಪ್ಪ ತಲೆಯೆತ್ತದೆ, "ಯಾವನೋ ಹೆಚ್ಚಿಗಿ ಲೋಡ್ ಹಾಕ್ಯಾನ" ಎಂದರು. ನಾನು ಗೋಡೆಗೆ ಒರಗಿಸಿಟ್ಟ ಹಂಚುಗಳನ್ನು ನೋಡಿದೆ. ಎದ್ದು ಓಡಲಿಲ್ಲ.

ಮೂರು ತಿಂಗಳ ನಂತರ ಕಲ್ಲವ್ವ ಅಳಿಯ ಮಲ್ಲೇಶಿಯ ಜೊತೆ ಅಂಗಡಿಗೆ ಬಂದಳು. ಮುಖದ ಎಡಭಾಗ ಸುಟ್ಟು ಬಿಗಿದುಕೊಂಡಿತ್ತು. ಆ ಕಡೆಯ ಕಣ್ಣು ಮುಚ್ಚುತ್ತಿರಲಿಲ್ಲ. ಕೈಬೆರಳುಗಳು ಬಾಗಿದಲ್ಲೇ ನಿಂತಿದ್ದವು. ಆ ಕೈಗಳು ಇನ್ನು ಹಿಟ್ಟು ತಟ್ಟುವಂತಿರಲಿಲ್ಲ. ಕಂಕುಳಲ್ಲಿ ಅದೇ ಹಂಚಿತ್ತು.

ಗುರುಪಾದಪ್ಪ ಕುರ್ಚಿ ಹಾಕಿಸಿದರು, ನೀರು ತರಿಸಿದರು, ಕಾರ್ಡು ತೆಗೆಸಿದರು. ನಿಯಮಗಳನ್ನು ಓದಿ ಹೇಳು ಎಂದರು. ಓದಿದೆ. ಅಂಚು ಚಾಚಬಾರದು ಎಂಬಲ್ಲಿಗೆ ಬಂದಾಗ ಮಲ್ಲೇಶಿ ಹಣೆ ಚಚ್ಚಿಕೊಂಡ.

"ಕೇಳ್ದೇನಬೇ ಅತ್ತಿ? ಇಷ್ಟೆಲ್ಲಾ ಬಿಡಿಸಿ ಹೇಳ್ಯಾರ ಅವರು. ಹೇಳಿದ್ದು ತಲ್ಯಾಗ ಇಟಗೊಳ್ಳಲಾರದ ಸುಟಗೊಂಡು, ಈಗ ನಮ್ಮ ಮನ್ಯಾಗ ಬಂದು ಕುಂತಿ!"

ಕಲ್ಲವ್ವ ಅವನತ್ತ ನೋಡಲಿಲ್ಲ. "ನನಗ ಏನೂ ಬ್ಯಾಡ ತಮ್ಮಾ" ಎಂದಳು ನನಗೆ. "ಇವರೆಲ್ಲ ನನ್ನ ದಡ್ಡಿ ಅಂತಾರ. ಇವರ ಮನಿ ಕೂಳು ತಿನ್ನೂ ಮುಂದ ದಿನಾ ಅದನ್ನ ಕೇಳಬೇಕು ನಾ. ನಾ ಅವತ್ತ ಕೇಳಿದ್ನೋ ಇಲ್ಲೋ? ಅಷ್ಟು ಒಂದ ಹೇಳಿಬಿಡು."

ಗುರುಪಾದಪ್ಪ ಕನ್ನಡಕ ಒರೆಸುತ್ತಿದ್ದರು. ಮೌನವನ್ನು ನಾನು ಯಾವಾಗಲೂ ಪ್ರೀತಿಸಿದವನು. ಅದು ನನ್ನ ಸ್ವಭಾವದ ಆಳವೆಂದೇ ನಂಬಿದ್ದವನು. ಅಂದು ಅದು ಬರೀ ಒಂದು ಅಡಗುತಾಣವಾಗಿತ್ತು. ಹೊಕ್ಕು ಕುಳಿತೆ.

ಅವಳು ಬಹಳ ಹೊತ್ತು ಕಾದಳು. ನಂತರ ಮುಚ್ಚಲಾರದ ಆ ಕಣ್ಣನ್ನು ನನ್ನಿಂದ ತಿರುಗಿಸಿಕೊಂಡಳು.

"ಒಂದು ಹೆಬ್ಬೆಟ್ಟು ಒತ್ತಿಬಿಡವಾ, ತಕರಾರಿಲ್ಲ ಅಂತ" ಎಂದರು ಗುರುಪಾದಪ್ಪ, ಕಾಗದ ಮುಂದೆ ಸರಿಸಿ. ಅವಳ ಬೆರಳು ತಾನಾಗಿ ಚಾಚಲಿಲ್ಲ. ಅವರು ನನಗೆ ಕಣ್ಸನ್ನೆ ಮಾಡಿದರು. ನಾನು ಆ ಹೆಬ್ಬೆರಳನ್ನು ಹಿಡಿದು, ಶಾಯಿಗೆ ಅದ್ದಿ, ಕಾಗದದ ಮೇಲೆ ಒತ್ತಿದೆ. ಬಿದ್ದದ್ದು ನುಣ್ಣನೆಯ ನೇರಳೆ ಕಲೆ. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

"ಗೆರಿ ಬರವಲ್ದಲ್ಲೋ. ಇನ್ನೊಮ್ಮೆ ಒತ್ತಸು."

ಒತ್ತಿಸಿದೆ. ಮತ್ತೊಮ್ಮೆ ಒತ್ತಿಸಿದೆ. ಮೂರು ಕಲೆಗಳು ಸಾಲಾಗಿ ಬಿದ್ದವು. ಮೂರನೆಯ ಸಲ ಅವಳು ನೋವಿಗೆ ಉಸಿರೆಳೆದುಕೊಂಡಳು, ಅಷ್ಟೇ.

"ಇರ್ಲಿ ಬಿಡು" ಎಂದರು ಗುರುಪಾದಪ್ಪ. "ಕಾರ್ಡಿನ ಮ್ಯಾಲ ಹಳೇದು ಐತಲ್ಲ."

ಹೊರಡುವಾಗ ಕಲ್ಲವ್ವ ಹಂಚನ್ನು ಮೇಜಿನ ಮೇಲಿಟ್ಟಳು. "ನಿಮ್ಮದು" ಎಂದಳು. ಅವರು ಬೀದಿಯ ತಿರುವು ದಾಟುವ ಮೊದಲೇ ಗುರುಪಾದಪ್ಪ ಅದನ್ನು ತಿರುಗಿಸಿ ನೋಡಿ, "ಏನೂ ಆಗಿಲ್ಲ ಇದಕ್ಕ. ತಿಕ್ಕಿ ಇಡು, ನಾಳೆ ಯಾರಿಗರ ಕೊಟ್ಟರಾತು" ಎಂದರು.

ಅದೊಂದನ್ನು ನಾನು ಯಾರಿಗೂ ಕೊಡಲಿಲ್ಲ. ಉಳಿದವನ್ನೆಲ್ಲ ಕೊಟ್ಟೆ. ಗೋದಾಮು ಖಾಲಿಯಾಗುವವರೆಗೂ, ಇನ್ನೊಂದು ವರ್ಷ, ಓಣಿ ಓಣಿಗೆ ಹೋಗಿ ನಿಯಮಗಳನ್ನು ಒಂದೂ ಬಿಡದೆ ಹೇಳಿ ಕೊಟ್ಟೆ. ಹೇಳುವಾಗ ಮಾತ್ರ ನೆರಳಿರುವ ಜಾಗ ಹುಡುಕಿ ಕೂರುತ್ತಿದ್ದೆ. ಮರದ ಕೆಳಗೆ, ಇಲ್ಲವೇ ಚಪ್ಪರದ ಕೆಳಗೆ. ಅಲ್ಲಿ ಹಂಚಿನ ನೆರಳು ಬೇರೆಯಾಗಿ ಕಾಣುತ್ತಿರಲಿಲ್ಲ.

ಈಗಲೂ ಕೆಲವು ಮಧ್ಯಾಹ್ನ ಗೋಡೆಯ ಮೇಲೆ ಆ ನೆರಳು ಚಾಚಿದಾಗ ಎದ್ದುಹೋಗಿ ಅದರ ನಡುವೆ ಅಂಗೈ ಇಡುತ್ತೇನೆ. ಬಿಸಿಲು ಸರಿಯುವವರೆಗೂ ಹಾಗೇ ನಿಲ್ಲುತ್ತೇನೆ. ಗೋಡೆ ತಣ್ಣಗಿರುತ್ತದೆ.