ಸೇರಿನ ಮೇಲಿನ ಬೊಗಸೆ

ಕಾಳಿನಂಗಡಿಯ ಕೆಂಚಪ್ಪನ ಕೋಲು ಸೇರಿನ ಬಾಯಿಯ ಮೇಲೆ ಸರ್ರನೆ ಹರಿದು, ಏರಿ ನಿಂತಿದ್ದ ಜೋಳವನ್ನೆಲ್ಲ ಮತ್ತೆ ಚೀಲಕ್ಕೇ ಕೆಡವಿತು. ಸಾತವ್ವನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಗೋಕಾಕದ ಸಂತೆಯಲ್ಲಿ ಸೇರೆಂದರೆ ಅಂಚು ಮೀರಿ, ಇನ್ನೊಂದು ಕಾಳು ನಿಲ್ಲದಷ್ಟು ಏರಿರಬೇಕು. ಅವಳ ಅವ್ವ ಹಾಗೆ ಕೊಂಡಿದ್ದಳು, ಅತ್ತೆಯೂ ಹಾಗೆ ಕೊಂಡಿದ್ದಳು. ಯುದ್ಧ ಎಲ್ಲೋ ಕಡಲಾಚೆ ನಡೆದಿತ್ತು. ಈ ಹಾಳು ಕೋಲು ಮಾತ್ರ ಇಲ್ಲಿಗೆ ಬಂದಿತ್ತು.

ಹೋಗಲಿ ಎನ್ನಬಹುದಿತ್ತು. ಆದರೆ ನಿನ್ನೆ ಬುಟ್ಟಿಯಲ್ಲಿ ರೊಟ್ಟಿ ಕಡಿಮೆ ಬಿದ್ದಾಗ ಗಂಡ ಯಲ್ಲಪ್ಪ, "ದರಾ ಮೊದಲಿನದ ಐತಿ. ಜ್ವಾಳಾ ಎಲ್ಲಿ ಹೋಗಾಕತ್ತಾವು? ಮಮದಾಪುರಕ್ಕ, ನಿನ್ನ ತವರಮನಿಗಿ ಸಾಗಸಾಕತ್ತಿಯೇನ?" ಎಂದಿದ್ದ. ಅದೂ ಮಕ್ಕಳೆದುರು. ಹದಿನಾಲ್ಕು ವರ್ಷ ತನ್ನ ಪಾಲಿನ ರೊಟ್ಟಿ ಮುರಿದು ಮಕ್ಕಳಿಗೆ ಹಾಕಿದವಳಿಗೆ ಕಳ್ಳಿಯೆಂಬ ಹೆಸರು!

"ಕೆಂಚಪ್ಪಣ್ಣಾ, ಸೇರು ತುಂಬ ಅಳಿಯಪಾ."

"ನಾ ಏನ್ ಮಾಡ್ಲಿ ಯಕ್ಕಾ? ಸಂಕೇಶ್ವರದ ದೊಡ್ಡ ಸಾವಕಾರ್ರು ಚೀಲಕ್ಕ ಎರಡ ರೂಪಾಯಿ ಏರಿಸ್ಯಾರ. ನಾ ಸೇರಿಗಿ ಒಂದ ಪೈ ಏರಿಸಿದ್ರ ಸರಕಾರದವ್ರು ಅಂಗಡಿಗಿ ಕೀಲಿ ಜಡಿತಾರ."

ಅಷ್ಟರಲ್ಲಿ ಬಜಾರದ ದರ ಬರೆದುಕೊಳ್ಳುವ ಸರಕಾರಿ ಕಾರಕೂನ ಬಂದ. ತಿಂಗಳಿಗೊಮ್ಮೆ ಬರುತ್ತಿದ್ದ. ಅವನ ಪಟ್ಟಿಯಲ್ಲಿ ದರ ಏರಿದರೆ ಗಿರಣಿ ಕೆಲಸಗಾರರಿಗೆ ತುಟ್ಟಿಭತ್ತೆ ಏರುತ್ತಿತ್ತು. ಮೂರು ತಿಂಗಳಿಂದ ಏರಿರಲಿಲ್ಲ. ಗಿರಣಿಯಲ್ಲಿ ದುಡಿಯುವ ಯಲ್ಲಪ್ಪನ ಪಗಾರವೂ ನಿಂತಲ್ಲೇ ನಿಂತಿತ್ತು.

"ಜ್ವಾಳಾ ಹೆಂಗ?"

"ನಾಕಾಣೆ ಸೇರು, ಸಾಹೇಬ್ರ."

"ಹೋದ ತಿಂಗಳದ್ದ ಅನ್ನು," ಎಂದು ಕಾರಕೂನ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿದ.

"ತಡೀರಿ!" ಸಾತವ್ವ ಸೇರನ್ನು ಕಸಿದು ಚೀಲದೊಳಗೆ ಅದ್ದಿ ಎತ್ತಿ ಕೆಳಗಿಟ್ಟಳು. ಮೇಲೆ ಏರಿದ್ದ ಜೋಳವನ್ನು ಎರಡೂ ಕೈಯಿಂದ ಬಾಚಿ ಅವನ ಕಾಗದದ ಮೇಲೆ ಸುರಿದಳು. "ಕೋಲು ಕಸಗೊಂಡದ್ದು ಇದು, ಇದನ್ನ ಬರಕೋರಿ. ಇದು ನನ್ನ ಮಕ್ಕಳ ರೊಟ್ಟಿ. ಇದರ ಸಲುವಾಗಿ ನಾ ಮನ್ಯಾಗ ಕಳ್ಳಿ ಆಗೇನಿ. ಬರೀರಿ!"

ಕಾರಕೂನನಿಗೆ ತಿಳಿಯಲಿಲ್ಲವೆಂದಲ್ಲ, ಅವನ ಮನೆಯಲ್ಲೂ ರೊಟ್ಟಿ ಬಡಿಯುತ್ತಿದ್ದರು. ಅವನು ಅವಳ ಮುಖ ನೋಡಲಿಲ್ಲ.

"ಇದರಾಗ ದರಾ ಅಷ್ಟ ಬರಿಯೂದೈತಿ ಯವ್ವಾ. ಇದನ್ನ ಬರಿಯಾಕ ಜಾಗಾ ಇಲ್ಲ."

ಕಾಗದವನ್ನು ಮಡಿಚಿ, ಒಂದು ಕಾಳೂ ಚೆಲ್ಲದಂತೆ ಕೆಂಚಪ್ಪನ ಚೀಲಕ್ಕೆ ಸುರಿದ. ಆಮೇಲೆ ನಾಲ್ಕಾಣೆ ಎಂದು ಬರೆದು ಮುಂದಿನ ಅಂಗಡಿಗೆ ಹೋದ.

ಸಾತವ್ವ ಆ ಕೋಲನ್ನು ಎತ್ತಿಕೊಂಡು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದಳು. ಒಂದು ತುಂಡನ್ನು ಕೆಂಚಪ್ಪನ ಮುಂದೆ ಒಗೆದು, ಇನ್ನೊಂದನ್ನು ಸೊಂಟಕ್ಕೆ ಸಿಗಿಸಿಕೊಂಡಳು.

"ಇದನ್ನ ನನ್ನ ಗಂಡ ಉಣ್ಣೂ ಗಂಗಾಳದಾಗ ಇಡ್ತೀನಿ," ಎಂದು ಜೋಳದ ಗಂಟು ಹೊತ್ತು ಹೊರಟಳು.

ಅವಳ ಹಿಂದೆ ಸರದಿಯಲ್ಲಿದ್ದ ಫಕೀರವ್ವ ಬುಟ್ಟಿ ಮುಂದೆ ಚಾಚಿದಳು. "ಈಗರ ತುಂಬ ಅಳಿ."

ಕೆಂಚಪ್ಪ ಸೇರನ್ನು ತುಂಬಿ ಎತ್ತಿದ. ಜೋಳ ಏರಿ ನಿಂತಿತ್ತು. ಅಭ್ಯಾಸದಂತೆ ಬಲಕ್ಕೆ ಕೈ ಚಾಚಿದ, ಕೋಲು ಸಿಗಲಿಲ್ಲ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಸೇರಿನ ಬಾಯಿಯನ್ನು ಅಂಚಿಗೆ ಸಮನಾಗಿ ಮೆಲ್ಲಗೆ ಸವರಿದ.