ಸೊಸೆಯೆದುರು ಕೇಳಿದ ಪ್ರಶ್ನೆ

ಮೇಷ್ಟ್ರು ತೀರಿಕೊಂಡು ಇಪ್ಪತ್ತು ದಿನವಾದರೂ ಅವರ ದನಿ ನರ್ಸಮ್ಮನ ಕಿವಿ ಬಿಟ್ಟು ಹೋಗಿರಲಿಲ್ಲ. ಡಯಾಲಿಸಿಸ್ ಕೋಣೆಗೆ ಯಾರೇ ಬಂದು ಕೂರಲಿ, "ಒಂದಕ್ಕೆ ಹೋಗ್ತೀರಾ?" ಎಂದು ಇವಳು ಕೇಳುವುದೇ ತಡ, ಉತ್ತರ ಇವಳಿಗೆ ಮೇಷ್ಟ್ರ ದನಿಯಲ್ಲೇ ಕೇಳಿಸುತ್ತಿತ್ತು: "ಛೆ, ಇಲ್ಲಮ್ಮ."

ಅವತ್ತು ಹಾಗೇ ಅಂದಿದ್ದರು. ಹೊಟ್ಟೆಗೆ ಹಾಕಿದ ಟ್ಯೂಬಿನಿಂದ ಮನೆಯಲ್ಲೇ ಡಯಾಲಿಸಿಸ್ ನೀರು ತುಂಬಿಸಿ, ಇಳಿಸಿ, ಎರಡು ವರ್ಷ ಅವರನ್ನು ನೋಡಿಕೊಂಡವಳು ಸೊಸೆ. ಒಂದು ಬೆಳಿಗ್ಗೆ ಇಳಿದ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಅವರನ್ನು ಆಸ್ಪತ್ರೆಗೆ ಕರೆತಂದಳು. ಸೋಂಕು. ಆ್ಯಂಟಿಬಯಾಟಿಕನ್ನು ಡಯಾಲಿಸಿಸ್ ನೀರಿನ ಬ್ಯಾಗಿಗೇ ಬೆರೆಸಿ ಹೊಟ್ಟೆಯೊಳಗೆ ಆರು ಗಂಟೆ ನಿಲ್ಲಿಸಬೇಕು. ಎಷ್ಟು ಬೆರೆಸಬೇಕೆಂದು ತಿಳಿಯಲು ತೂಕ ನೋಡುತ್ತಾರೆ, ಆಮೇಲೆ ಈ ಪ್ರಶ್ನೆ ಕೇಳುತ್ತಾರೆ. ಮೂತ್ರ ಇನ್ನೂ ಹೋಗುತ್ತಿದ್ದರೆ ಔಷಧಿ ಅದರ ಜೊತೆ ಹೊರಟುಹೋಗುತ್ತದೆ, ಡೋಸು ಹೆಚ್ಚಿಸಬೇಕು. ಸೊಸೆ ಪಕ್ಕದಲ್ಲೇ ಬ್ಯಾಗು ಹಿಡಿದು ನಿಂತಿದ್ದಳು. ನಲವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಮನುಷ್ಯ ಅವಳೆದುರು ಅಂಥ ಮಾತಿಗೆ ಹೌದು ಅಂದಾರೆಯೇ? ನರ್ಸಮ್ಮ 'ಇಲ್ಲ' ಎಂದು ಬರೆದಳು. ಡಾಕ್ಟರು ಅದನ್ನೇ ನಂಬಿ ಡೋಸು ಬರೆದರು.

ನೀರು ತಿಳಿಯಾಯಿತು, ಹತ್ತನೇ ದಿನ ಮತ್ತೆ ಕದಡಿತು. ವಾರ್ಡಿಗೆ ಸೇರಿಸಿದ ಮೇಲೆ ಆಯಾ ಅಳೆದು ಹೇಳಿದಳು, ದಿನಕ್ಕೆ ಮುಕ್ಕಾಲು ಲೀಟರು ಮೂತ್ರ. ಡೋಸು ಏರಿಸಿದರು, ಟ್ಯೂಬು ತೆಗೆದರು. ಅಷ್ಟರಲ್ಲಿ ಕೈ ಮೀರಿತ್ತು.

ಇವತ್ತು ಮಧ್ಯಾಹ್ನ ಸೊಸೆ ಉಳಿದ ಬ್ಯಾಗುಗಳ ಪೆಟ್ಟಿಗೆ ವಾಪಸು ಕೊಡಲು ಬಂದಳು. ಬಂದವಳೇ ಸಿಂಕಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಉಜ್ಜತೊಡಗಿದಳು. ಬೆರಳ ಸಂದುಗಳು ಬಿರಿದು ಕೆಂಪಾಗಿದ್ದವು.

"ಈಗ್ಯಾಕಮ್ಮಾ?"

"ಅಭ್ಯಾಸ, ಸಿಸ್ಟರ್. ಮಗೂನ ಎತ್ಕೊಳ್ಳೋಕೂ ಭಯ. ನನ್ನ ಕೈ ಕೊಳೆನೇ ಮಾವನ್ನ ತಿಂದುಹಾಕ್ತು ಅಂತ ನಾದಿನಿ ನೆಂಟರ ಮುಂದೆಲ್ಲಾ ಹೇಳ್ತಾಳೆ. ಹೌದೇನೋ ಅನ್ಸುತ್ತೆ."

ಡೋಸು ಕಮ್ಮಿಯಾದ ವಿಷಯ ವಾರ್ಡಿನ ಗೋಡೆ ದಾಟಿರಲಿಲ್ಲ. ತುಟಿ ಬಿಚ್ಚದಿದ್ದರೆ ನರ್ಸಮ್ಮನ ಕೆಲಸವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆ ಬಿರಿದ ಕೈ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಹೋಗಿ ನಲ್ಲಿ ನಿಲ್ಲಿಸಿದಳು.

"ಸೋಂಕು ಹೇಗೆ ಬಂತೋ ದೇವರಿಗೇ ಗೊತ್ತು. ವಾಸಿ ಆಗ್ದೇ ಇದ್ದದ್ದು ನಿಮ್ಮ ಕೈಯಿಂದಲ್ಲ. ಔಷಧಿ ಕಮ್ಮಿ ಬಿತ್ತು. ಮಾವ ಒಂದಕ್ಕೆ ಹೋಗ್ತಿದ್ರು. ನಾಚ್ಕೊಂಡು ಇಲ್ಲ ಅಂದ್ರು."

ಸೊಸೆ ಒದ್ದೆ ಕೈ ಹಾಗೇ ಹಿಡಿದು ನಿಂತಳು.

"ಹೋಗ್ತಿದ್ದದ್ದು ನಂಗೊತ್ತಿತ್ತು. ಬಚ್ಚಲಿಗೆ ಅಂಟಿಕೊಂಡೇ ನಮ್ಮ ಅಡುಗೆಮನೆ. ಅವರೇ ಇಲ್ಲ ಅಂದ್ಮೇಲೆ, ಸೊಸೆ ಆದವಳು ನಾನು ಹೌದು ಅನ್ನೋಕಾಗುತ್ತಾ? ಅದು ಔಷಧಿ ಲೆಕ್ಕಕ್ಕೆ ಅಂತ ನೀವು ಹೇಳ್ಲೇ ಇಲ್ವಲ್ಲ."

"ಹೇಳ್ಲಿಲ್ಲ."

"ಒಂದು ನಿಮಿಷ ಆಚೆ ಇರಮ್ಮ ಅಂದಿದ್ರೆ ಹೋಗ್ತಿದ್ದೆ, ಸಿಸ್ಟರ್."

ನರ್ಸಮ್ಮ ಟವೆಲು ಚಾಚಿದಳು. ಸೊಸೆ ಅದನ್ನು ಮುಟ್ಟಲಿಲ್ಲ. ಕೈಯನ್ನು ಉಟ್ಟ ಬಟ್ಟೆಗೇ ಒರೆಸಿಕೊಂಡು ಹೊರಟುಹೋದಳು.