ಶೆಡ್ ಕಡೆ ತಿರುಗಿಸಿ

ಈ ವಿಮಾನವೂ ಮುರಿದರೆ ಮಹಡಿಯ ಕೋಣೆ ನನ್ನ ಹೊಲಿಗೆ ಮಷಿನ್ನಿಗೆ ಎಂದು ನನ್ನ ಗಂಡ ಕ್ಲಬ್ಬಿನ ಗೆಳೆಯರ ಎದುರಿಗೇ ಒಪ್ಪಿಕೊಂಡಿದ್ದರು. ಇವರು ಹಾರಿಸಿದ ಹಿಂದಿನ ನಾಲ್ಕು ರಿಮೋಟ್ ವಿಮಾನಗಳೂ ಕೈಕಾಲು ಮುರಿದುಕೊಂಡು ಅದೇ ಕೋಣೆಯಲ್ಲಿ ಹಾಸಿಗೆ ಹಿಡಿದಿವೆ. ನಾನು ಮಾತ್ರ ಊಟದ ಮೇಜಿನ ಮೇಲೆ ಊರವರ ಬಟ್ಟೆ ಹೊಲಿಯುತ್ತಾ, ಊಟದ ಹೊತ್ತಿಗೆ ಎಲ್ಲವನ್ನೂ ಎತ್ತಿಡುತ್ತಾ ಬಂದಿದ್ದೇನೆ. ಹಾಗಾಗಿ ಐದನೆಯದು ಬೀಳುವುದನ್ನು ಕಣ್ಣಾರೆ ನೋಡಲೆಂದೇ, ಹಲ್ಲು ಕಟಕಟ ಎನ್ನುವ ಚಳಿಯಲ್ಲಿ ಮೈದಾನಕ್ಕೆ ಹೋದೆ.

ಅಲ್ಲಿ ಎಲ್ಲರೂ ಸ್ವೆಟರಿನೊಳಗೆ ಬ್ಯಾಟರಿ ಇಟ್ಟುಕೊಂಡು, ಕೋಳಿ ಕಾವಿಗೆ ಕೂತ ಹಾಗೆ ಕೂತಿದ್ದರು. ಬ್ಯಾಟರಿ ತಣ್ಣಗಾದರೆ ವಿಮಾನ ಬೇಗ ಸುಸ್ತಾಗುತ್ತದಂತೆ. ಹಲ್ಲಿನ ಡಾಕ್ಟರೂ ಬಸ್ ಡ್ರೈವರೂ ತಮ್ಮ ತಮ್ಮದನ್ನು ಹಾರಿಸಿದರು. ಆಮೇಲೆ ನಮ್ಮವರದು ಮೇಲೇರಿತು. ರಿಮೋಟ್ ಹಿಡಿದ ಬೆರಳು ಮರಗಟ್ಟದಿರಲೆಂದು ಹಳೇ ಕಂಬಳಿಯಲ್ಲಿ ನಾನೇ ಒಂದು ಚೀಲ ಹೊಲಿದುಕೊಟ್ಟಿದ್ದೆ. ರಿಮೋಟೂ ಎರಡು ಕೈಗಳೂ ಅದರೊಳಗೆ. ಮುರಿಯಲಿ ಎಂದು ಕಾಯುತ್ತಿದ್ದವಳು ಚೀಲ ಯಾಕೆ ಹೊಲಿದೆ ಎಂದು ಕೇಳಬೇಡಿ.

ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಅಷ್ಟರಲ್ಲಿ ಮಫ್ಲರಿನಿಂದ ಮೇಲೆ ಬಂದ ಉಸಿರಿಗೆ ಇವರ ಕನ್ನಡಕ ಪೂರ್ತಿ ಮಸುಕಾಯಿತು. ಒರೆಸಿಕೊಡೋಣವೆಂದು ತೆಗೆದೆ, ಚಳಿಗೆ ಮರಗಟ್ಟಿದ ಬೆರಳುಗಳಿಂದ ಅದು ಜಾರಿ ಹುಲ್ಲಿನಲ್ಲೆಲ್ಲೋ ಬಿತ್ತು. ಕನ್ನಡಕವಿಲ್ಲದೆ ಇವರಿಗೆ ಎದುರಿಗಿರುವ ನಾನೇ ಕಾಣುವುದಿಲ್ಲ, ಇನ್ನು ಆಕಾಶದ ವಿಮಾನವೆಲ್ಲಿ. ಉಳಿದಿಬ್ಬರು ತಮ್ಮ ವಿಮಾನಗಳಿಂದ ಕಣ್ಣು ತೆಗೆಯುವ ಹಾಗಿರಲಿಲ್ಲ.

"ಎಲ್ಲಿದೆ, ಹೇಳೇ," ಎಂದರು.

"ರಸ್ತೆ ಮೇಲಿದೆ. ಶೆಡ್ ಕಡೆ ತಿರುಗಿಸಿ. ಇನ್ನೂ ಸ್ವಲ್ಪ. ಸಾಕು ರೀ, ಈಗ ನಮ್ಮ ಕಡೆಗೇ ಬರ್ತಿದೆ."

ಎಡ ಬಲ ಎಂದಿದ್ದರೆ ಕೆಲಸ ಕೆಟ್ಟಂತೆಯೇ. ಎದುರಿಗೆ ಬರುವ ವಿಮಾನಕ್ಕೆ ಅವೆರಡೂ ಅದಲುಬದಲು. ಮೈದಾನದ ಸುತ್ತ ಕಾಣುವ ಶೆಡ್ಡು, ರಸ್ತೆ, ನೀರಿನ ಟ್ಯಾಂಕು ಎನ್ನುತ್ತಾ ಹೋದೆ, ಇವರು ಮರುಮಾತಿಲ್ಲದೆ ಕೇಳಿದರು. ಮದುವೆಯಾದ ಮೇಲೆ ಇದೇ ಮೊದಲು. ಮೂತಿ ಎತ್ತಿ ಎಂದೆ, ಎತ್ತಿದರು. ಇಳಿಸಿ ಎಂದೆ, ಇಳಿಸಿದರು. ವಿಮಾನ ಹುಲ್ಲಿನ ಮೇಲೆ ಎರಡು ಸಲ ಪುಟಿದು ನೆಟ್ಟಗೆ ನಿಂತಿತು. ನಾನು ಕುಣಿದೇಬಿಟ್ಟೆ. ಡಾಕ್ಟರು ಆಕಾಶ ನೋಡುತ್ತಲೇ, ಏನಾಯಿತು ಏನಾಯಿತು ಎಂದು ಕೇಳುತ್ತಿದ್ದರು.

ತಡಕಾಡಿ ಕನ್ನಡಕ ಹುಡುಕಿಕೊಟ್ಟೆ. ಹಾಕಿಕೊಂಡು ಇವರು ವಿಮಾನವನ್ನಲ್ಲ, ಮೊದಲು ನನ್ನನ್ನು ನೋಡಿದರು.

"ಒಂದೇ ಒಂದು ಸಲ ತಪ್ಪು ಹೇಳಿದ್ರೆ ಸಾಕಿತ್ತಲ್ಲೇ. ಕೋಣೆ ನಿಂದಾಗ್ತಿತ್ತು."

ನನಗದು ಹೊಳೆದೇ ಇರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು, ಅದರ ಬೆನ್ನಿಗೇ ತಡೆಯಲಾರದ ನಗು.

"ಇನ್ನೊಂದು ಬ್ಯಾಟರಿ ಹಾಕಿ. ಈ ಸಲ ನಾನು ಹಾರಿಸ್ತೀನಿ. ಬಿದ್ರೆ ಕೋಣೆ ನಂದು."

ನನಗೆ ಹಾರಿಸಲು ಬರುವುದಿಲ್ಲವೆಂದು ಇವರಿಗೆ ಚೆನ್ನಾಗಿ ಗೊತ್ತು. ಆದರೂ ಒಂದು ಕ್ಷಣವೂ ಯೋಚಿಸದೆ ರಿಮೋಟನ್ನು ನನ್ನ ಕೈಗೆ ಕೊಟ್ಟುಬಿಟ್ಟರು.